ಪೂರಾ ಹೆಸರು ಹಿಡಿದು ಕರೆದವನು

ನಮ್ಮ ಚಾಂದ್ರಮಾನ ಪಂಚಾಂಗದ ಏಳನೆಯ ತಿಂಗಳ ಒಂಬತ್ತನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಬೀದಿಯ ಥೋ ಅಜ್ಜಿ ತಮ್ಮ ಗಂಡನ ಜೊತೆ ಮಾತಾಡಿದರು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಇದನ್ನು ಕೇಳಿ ನಿಮಗೆ ನಗು ಬಂದರೆ ತಪ್ಪಿಲ್ಲ, ನಾನೂ ನಕ್ಕಿದ್ದೆ. ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದಕ್ಕೇ ಈ ಕಥೆಯನ್ನು ಬೇರೆಯವರಿಗೆ ಬಿಡದೆ ನಾನೇ ಹೇಳುತ್ತಿದ್ದೇನೆ. ನನ್ನ ಹೆಸರು ಸುಯ್ಬಿ. ಶೆಟೌ ಪೇಟೆಯಲ್ಲಿ, ಕಾಲುಚೀಲದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ.

ಥೋ ಅಜ್ಜಿಗೆ ಎಂಬತ್ತೊಂದು ವರ್ಷ. ಮಗ ಬುನ್‌ಹಾಯ್ ನನ್ನ ಜೊತೆ ಶಾಲೆಗೆ ಬಂದವನು. ಅವನೂ ಅವನ ಹೆಂಡತಿ ಲೇಹಾಳೂ ಕಾರ್ಖಾನೆಯ ಗೇಟಿನ ಎದುರು ತಿಂಡಿ ಅಂಗಡಿ ನಡೆಸುತ್ತಾರೆ. ಮೊಟ್ಟೆ ಸುತ್ತಿದ ರೊಟ್ಟಿ, ಮೂಲಂಗಿ ಕಡುಬು, ಬಿಸಿ ಸೋಯಾ ಹಾಲು. ಬೆಳಗಿನ ನಾಲ್ಕೂವರೆಗೆ ಮನೆ ಬಿಟ್ಟರೆ ಬರುವುದು ಹನ್ನೊಂದಕ್ಕೆ. ಅಷ್ಟು ಹೊತ್ತು ಅಜ್ಜಿ ಒಬ್ಬರೇ. ಎರಡು ವರ್ಷದ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಮೂರು ಗಂಟೆ ಹಾಗೇ ಮಲಗಿದ್ದರು. ಆಮೇಲೆ ನೆನಪೂ ಸ್ವಲ್ಪ ಮಸುಕಾಯಿತು. ಒಮ್ಮೊಮ್ಮೆ ಚಪ್ಪಲಿ ಮೆಟ್ಟಿ ಎಲ್ಲಿಗೆಂದು ತಿಳಿಯದೆ ಹೊರಟುಬಿಡುತ್ತಿದ್ದರು. ಮನೆಯಿಂದ ಇನ್ನೂರು ಹೆಜ್ಜೆ ಹೋದರೆ ದೊಡ್ಡ ಕಾಲುವೆ. ಲೇಹಾಳಿಗೆ ಸದಾ ಆ ಕಾಲುವೆಯದೇ ಭಯ.

ಅದಕ್ಕೆಂದೇ ಬುನ್‌ಹಾಯ್ ಒಂದು ಕ್ಯಾಮೆರಾ ತಂದ. ಬಿಳಿಯದು, ಮುಷ್ಟಿ ಗಾತ್ರದ್ದು, ಕತ್ತು ತಿರುಗಿಸುತ್ತದೆ, ಫೋನಿನಲ್ಲಿ ಮಾತಾಡಿದರೆ ಅದು ಮಾತಾಡುತ್ತದೆ. ಎಲ್ಲಿಡುವುದು? ದೇವರ ಮೇಜಿನ ಎರಡು ಕೆಂಪು ದೀಪಕ್ಕೆ ಕರೆಂಟಿನ ಪ್ಲಗ್ ಇತ್ತಲ್ಲ, ಅಲ್ಲೇ ಚುಚ್ಚಿ ತೀರಿಹೋದ ಹಿರಿಯರ ಹೆಸರು ಬರೆದ ಹಲಗೆಯ ಪಕ್ಕ ಇಟ್ಟ. ಅಲ್ಲಿಂದ ಅಜ್ಜಿಯ ಬೆತ್ತದ ಕುರ್ಚಿ, ಬೀದಿಯ ಬಾಗಿಲು ಎರಡೂ ಕಾಣುತ್ತವೆ. ಕಾವಲಿಯ ಮುಂದೆ ನಿಂತೇ ಅವನು ಫೋನ್ ನೋಡಿ "ಅಮ್ಮ, ಮಾತ್ರೆ ತಗೊಂಡ್ರಾ" ಎಂದು ಕೇಳುತ್ತಿದ್ದ. ಅಜ್ಜಿ ದೇವರ ಕಡೆ ತಲೆಯೆತ್ತಿ "ಹೂಂ ಕಣೋ" ಎನ್ನುತ್ತಿದ್ದರು. ಹೀಗೆ ದೇವರ ಮೇಜಿನಿಂದ ದನಿ ಬರುವುದು ಅವರಿಗೆ ರೂಢಿಯಾಗಿಹೋಯಿತು.

ಇನ್ನೊಂದು ಮಾತು. ನಮ್ಮಲ್ಲಿ ಊದುಬತ್ತಿ ಹಿಡಿದು ನಿಂತವರು ಮೊದಲು ತಮ್ಮ ಹೆಸರು, ಹುಟ್ಟಿದ ದಿನ, ಮನೆ ನಂಬರಿನ ಸಮೇತ ವಿಳಾಸ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಅಷ್ಟು ಭಕ್ತರಲ್ಲಿ ದೇವರು ಯಾರನ್ನೆಂದು ಹುಡುಕಿಕೊಂಡು ಬಂದಾನು? ಅಜ್ಜಿ ದಿನವೂ ಗಟ್ಟಿಯಾಗಿ ಎಲ್ಲವನ್ನೂ ಒಪ್ಪಿಸುತ್ತಿದ್ದರು. ನಾನು ಖೋ ಲಿಮ್ ಥೋ, ಇಂಥ ವರ್ಷ ಇಂಥ ತಿಂಗಳು ಹುಟ್ಟಿದವಳು, ಇಂಥ ಬೀದಿಯ ಇಂಥ ಮನೆ. ಮಗ ಅಂಗಡಿಗೆ ಹೋಗಿದ್ದಾನೆ, ಹನ್ನೊಂದಕ್ಕೆ ಬರುತ್ತಾನೆ. ಬೀಗದ ಕೈ ಹೂಕುಂಡದ ಕೆಳಗಿದೆ. ನನ್ನ ಯಜಮಾನರು ಅಸುನ್ ಅಲ್ಲಿ ಹೇಗಿದ್ದಾರೆ, ಮಂಡಿ ನೋವು ಕಡಿಮೆಯಾಯಿತೇ. ಗೋಡೆಗೂ ಕಿವಿಯಿದೆ ಎಂದು ಹಿರಿಯರು ಹೇಳುತ್ತಿದ್ದರು. ಆ ಗೋಡೆಗೆ ಕಿವಿ ತಂದು ಅಂಟಿಸಿದವರು ನಾವೇ.

ಈಗ ನಮ್ಮ ಬುನ್‌ಹಾಯ್‌ನ ಜಾಣತನ ಕೇಳಿ. ತೆಂಗಿನ ಸಿಹಿ ಹಾಕಿದ ಜೋಳದ ಕುರುಕಲಿನ ಹಸಿರು ಪೊಟ್ಟಣ ಬರುತ್ತದಲ್ಲ, ಹೆಸರಿನ ಅರ್ಥವೇ "ಜಾಣ, ಜಾಣ" ಎಂದು, ಅದನ್ನು ಯಂತ್ರದ ಮೇಲಿಟ್ಟರೆ ಯಂತ್ರ ಹಟ ಮಾಡುವುದಿಲ್ಲ ಎಂಬುದು ನಮ್ಮವರ ನಂಬಿಕೆ. ನನ್ನ ಅಂಗಡಿಯಲ್ಲೂ ಒಂದಿದೆ, ಸುಳ್ಳೇಕೆ ಹೇಳಲಿ. ಆದರೆ ಬುನ್‌ಹಾಯ್ ಸೋಯಾ ಹಾಲಿನ ಯಂತ್ರಕ್ಕೊಂದು, ಫ್ರಿಜ್ಜಿಗೊಂದು, ಕ್ಯಾಮೆರಾಕ್ಕೊಂದು ಇಟ್ಟಿದ್ದ. ತಾರೀಕು ಮುಗಿದ ಪೊಟ್ಟಣ ಇದ್ದರೆ ಯಂತ್ರ ಮುನಿಯುತ್ತದಂತೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ತಾರೀಕಿಗೆ ಒಂದು ವಾರ ಮೊದಲೇ ಎಲ್ಲವನ್ನೂ ಬದಲಾಯಿಸುತ್ತಿದ್ದ.

ಫೋನಿನಲ್ಲಿ ಬರುವ ಅಪ್‌ಡೇಟ್ ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ. ಹೋದ ವರ್ಷ ಬೆಳಗಿನ ಗದ್ದಲದಲ್ಲಿ ಅಂಗಡಿಯ ಆರ್ಡರ್ ಯಂತ್ರ ತಾನೇ ಅಪ್‌ಡೇಟ್ ಆಗಲು ಕುಳಿತು, ಮೂವತ್ತು ಜನ ಹಸಿದು ನಿಂತಿದ್ದರಂತೆ. ಅಂದಿನಿಂದ ಏನೇ ಬರಲಿ, ಬೆರಳು "ನಂತರ" ಎಂಬುದರ ಮೇಲೇ ಹೋಗುತ್ತಿತ್ತು. ಮಾರ್ಚಿನಲ್ಲಿ ಕ್ಯಾಮೆರಾಕ್ಕೂ ಒಂದು ಬಂತು. ಅದರ ಕೆಳಗೆ ಒಂದೇ ಸಾಲು: "ಸ್ಥಿರತೆ ಸುಧಾರಿಸಲಾಗಿದೆ." ಯಾವಾಗಲೋ ರೊಟ್ಟಿ ತಿನ್ನುತ್ತಾ ನಾನು, ಅದನ್ನು ಹಾಕಿಕೊಂಡುಬಿಡು ಮಾರಾಯ ಎಂದೆ.

"ಕ್ಯಾಮೆರಾ ನೆಟ್ಟಗೇ ನಿಂತಿದೆ, ಇನ್ನೇನು ಸ್ಥಿರತೆ?" ಎಂದ. "ಚೆನ್ನಾಗಿರೋದನ್ನ ಕೆದಕೋದು ಅಂದ್ರೆ ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ಕಣೇ ಸುಯ್ಬಿ."

ನಾನು ಒತ್ತಾಯ ಮಾಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ನನ್ನ ಮಾತು ಯಾರಿಗೆ ಬೇಕು ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಆ ಸಾಲಿನಲ್ಲಿ ಏನೂ ಕಾಣಿಸಿರಲಿಲ್ಲ.

ಏಳನೆಯ ತಿಂಗಳು ನಿಮಗೆ ಗೊತ್ತೇ ಇದೆ. ಸತ್ತವರ ಬಾಗಿಲು ತೆರೆದಿರುತ್ತದೆ. ನಾವು ಅವರನ್ನು ದೆವ್ವ ಎನ್ನುವುದಿಲ್ಲ, ಒಳ್ಳೆಯ ಅಣ್ಣಂದಿರು ಎನ್ನುತ್ತೇವೆ. ಬೆನ್ನ ಹಿಂದೆ ಯಾರಾದರೂ ಕರೆದರೆ ತಿರುಗಬಾರದು, ನೀರಿನ ಹತ್ತಿರ ಸುಳಿಯಬಾರದು. ಇಂಥ ತಿಂಗಳಲ್ಲಿ ಅಜ್ಜಿ, ನಿಮ್ಮಪ್ಪ ಬಂದಿದ್ದರು, ಬೆಳಿಗ್ಗೆ ಮಾತಾಡಿದರು ಎಂದಾಗ ಲೇಹಾಳ ಕೈಯಲ್ಲಿದ್ದ ಬಟ್ಟಲು ಬಿತ್ತು. ಬುನ್‌ಹಾಯ್ ಮಾತ್ರ ಅಮ್ಮನಿಗೆ ಮರೆವು ಹೆಚ್ಚಾಗಿದೆ ಎಂದು ಅಂಗಡಿಯಲ್ಲಿ ಎಲ್ಲರ ಮುಂದೆ ತಮಾಷೆ ಮಾಡಿದ. ನಾನು ನಕ್ಕಿದ್ದು ಅಲ್ಲೇ.

ಎರಡು ದಿನ ಬಿಟ್ಟು ಅಜ್ಜಿ ಇನ್ನೊಂದು ಸುದ್ದಿ ಹೇಳಿದರು. ಅವರಿಗೆ ನಮ್ಮ ಮನೆ ನಂಬರೂ ನೆನಪಿದೆ, ಸರಿಯಾಗಿ ಹೇಳಿದರು, ಬೀಗದ ಕೈ ಎಲ್ಲಿದೆ ಎಂಬುದೂ ಗೊತ್ತು ಎಂದರು. ಮನೆ ನಂಬರು ಬದಲಾಗಿದ್ದು ಯಜಮಾನರು ಸತ್ತು ನಾಲ್ಕು ವರ್ಷಕ್ಕೆ, ಬದುಕಿದ್ದಾಗ ಅವರಿಗೆ ಅದು ಗೊತ್ತಿರಲು ದಾರಿಯೇ ಇರಲಿಲ್ಲ. ಇದನ್ನು ಕೇಳಿದ ಮೇಲೆ ಬುನ್‌ಹಾಯ್‌ನ ತಮಾಷೆ ನಿಂತಿತು. ಮಂತ್ರ ಹಾಕುವ ಮುದುಕನನ್ನು ಕರೆಸಿದ. ಬಾಗಿಲಿಗೆ ಹಳದಿ ಚೀಟಿ ಅಂಟಿತು, ಕಾಗದದ ಹಣ ಸುಟ್ಟರು, ಕ್ಯಾಮೆರಾದ ಮುಂದೆ ಒಂದಿದ್ದ ಹಸಿರು ಪೊಟ್ಟಣ ಎರಡಾಯಿತು. ಅಜ್ಜಿ ಊಟ ಬಿಟ್ಟರು. ಲೇಹಾ ಸ್ನಾನಕ್ಕೆ ಹೋಗಲೂ ಹೆದರುತ್ತಿದ್ದಳು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆ. ಮರುದಿನ ದೊಡ್ಡ ಎಡೆಯಿದ್ದುದರಿಂದ ಲೇಹಾ ಅಂಗಡಿಯಿಂದ ಬೇಗ ಬಂದು ದೇವರ ಮೇಜು ಒರೆಸುತ್ತಿದ್ದಳಂತೆ. ಎಡಕ್ಕೆ ಸರಿದಳು, ಕ್ಯಾಮೆರಾದ ಕತ್ತು ಎಡಕ್ಕೆ ತಿರುಗಿತು. ಗಂಡ ಫೋನಿನಿಂದ ತಿರುಗಿಸುತ್ತಿದ್ದಾನೆ ಅಂದುಕೊಂಡು ಬಲಕ್ಕೆ ಬಂದಳು. ಅದೂ ಬಲಕ್ಕೆ ಬಂತು. ಅವನಿಗೇ ಫೋನ್ ಮಾಡಿ ಕೇಳಿದರೆ, ಕೈತುಂಬ ಹಿಟ್ಟಿದೆ, ನಾನು ಯಾವ ಕ್ಯಾಮೆರಾ ಮುಟ್ಟಲಿ ಎಂದ. ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಲೇಹಾ ಅವರನ್ನು ಹಾಗೇ ಬಿಟ್ಟು, ಬಾಗಿಲನ್ನು ಸುಮ್ಮನೆ ಎಳೆದುಕೊಂಡು, ನನ್ನ ಅಂಗಡಿಗೆ ಓಡಿ ಬಂದಳು.

"ಅಕ್ಕ, ಅದು ನನ್ನನ್ನ ನೋಡ್ತು" ಎಂದಳು. "ಅಣ್ಣಂದಿರು ಡಬ್ಬಿ ಒಳಗೆ ಸೇರ್ಕೊಂಡಿದ್ದಾರೆ."

ಆಗ ನನಗೆ ನಗು ಬರಲಿಲ್ಲ. ಅವಳ ಫೋನ್ ಇಸಿದುಕೊಂಡು ಕ್ಯಾಮೆರಾದ ಮಾದರಿ ನೋಡಿದೆ, ಅದೇ ಹೆಸರನ್ನು ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ. ಸಾಫ್ಟ್‌ವೇರ್ ಬರೆಯುವವರು ಸೇರಿ ಹರಟುವ ಜಾಲತಾಣವೊಂದಿದೆ. ಅಲ್ಲಿ ಆ ಕ್ಯಾಮೆರಾದ ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟವನೊಬ್ಬ ಎರಡು ವಾರದ ಹಿಂದೆ ಬರೆದುಕೊಂಡಿದ್ದ. ಆ ಮಾತು ನನಗೆ ಬಾಯಿಪಾಠವಾಗಿದೆ. "ಈ ಮಾದರಿಯಲ್ಲಿ ಒಂದು ತೂತು ಇತ್ತು. ಪಾಸ್‌ವರ್ಡ್ ಸುಲಭವಾಗಿದ್ದರೆ ಯಾರು ಬೇಕಾದರೂ ಒಳಗೆ ಬಂದು ನೋಡಬಹುದು, ಕೇಳಬಹುದು, ಮಾತಾಡಬಹುದು. ಮಾರ್ಚಿನಲ್ಲಿ ಮುಚ್ಚಿದೆವು. ತೂತು ಎಂದು ಬರೆದರೆ ಜನ ಹೆದರುತ್ತಾರೆ, ಸ್ಥಿರತೆ ಸುಧಾರಿಸಲಾಗಿದೆ ಎಂದು ಬರೆ ಅಂದರು ಮೇಲಿನವರು. ಬರೆದೆ. ಜನ ಹೆದರಬೇಕಾಗಿತ್ತು."

ಅವರ ಪಾಸ್‌ವರ್ಡ್ ಏನು ಎಂದು ಲೇಹಾಳನ್ನು ಕೇಳಿದೆ. 168168 ಎಂದಳು. ದಾರಿಯುದ್ದಕ್ಕೂ ಏಳಿಗೆ ಎಂದು ಅದೃಷ್ಟಕ್ಕೆ ಇಟ್ಟದ್ದು. ನಮ್ಮ ಬೀದಿಯ ಅರ್ಧ ಜನರದ್ದು ಅದೇ.

ಯಾವ ಯಾವ ಫೋನು ಆ ಕ್ಯಾಮೆರಾಕ್ಕೆ ಸೇರಿದೆ ಎಂದು ತೋರಿಸುವ ಪಟ್ಟಿ ತೆರೆದೆ. ಬುನ್‌ಹಾಯ್‌ನ ಫೋನು. ಲೇಹಾಳ ಫೋನು. ಮೂರನೆಯದಕ್ಕೆ ಹೆಸರಿರಲಿಲ್ಲ. ಅದರ ಮುಂದೆ ಹಸಿರು ಚುಕ್ಕೆ ಉರಿಯುತ್ತಿತ್ತು. ಅಂದರೆ, ಆ ಮೂರನೆಯವನು ಈಗಲೂ ಒಳಗಿದ್ದಾನೆ.

ಕ್ಯಾಮೆರಾದ ಚಿತ್ರ ತೆರೆದೆ. ಬೆತ್ತದ ಕುರ್ಚಿ ಖಾಲಿಯಿತ್ತು. ಬೀದಿಯ ಬಾಗಿಲು ತೆರೆದಿತ್ತು, ಅಜ್ಜಿಯ ಬೆನ್ನು ಕಾಣುತ್ತಿತ್ತು. ಕಂಕುಳಲ್ಲಿ ಗಂಡನ ಹಳೆಯ ಟೋಪಿ ಇಟ್ಟುಕೊಂಡಿದ್ದರು. ಆಗ ಫೋನಿನಿಂದ ಒಂದು ದನಿ ಬಂತು. ಗಂಡಸಿನ ದನಿ, ಮೆತ್ತಗೆ, ಮನೆಯವನೇ ಅನ್ನುವ ಹಾಗೆ.

"ಮೆಲ್ಲಗೆ. ಮೆಟ್ಟಿಲಿದೆ, ನೋಡ್ಕೊಂಡು ಇಳಿ. ನಾನು ತೂಬಿನ ಹತ್ರ ಕಾಯ್ತಿರ್ತೀನಿ."

ಎಷ್ಟೋ ಜನರ ಒಡೆದ ಫೋನು, ಸತ್ತ ಫೋನು ನೋಡಿದ್ದೇನೆ. ಫೋನಿಗೆ ಹಾಗೆ ಹೆದರಿದ್ದು ಅದೇ ಮೊದಲು. ಆ ಪಟ್ಟಿಯ ಫೋಟೋ ಒಂದನ್ನು ಮಾತ್ರ ಹೊಡೆದುಕೊಂಡೆ. ಆಮೇಲೆ ಇಬ್ಬರೂ ಅಂಗಡಿ ಬಾಗಿಲು ಹಾಕದೆ ಓಡಿದೆವು. ದಾರಿಯಲ್ಲಿ ಲೇಹಾ ಗಂಡನಿಗೆ ಫೋನ್ ಮಾಡಿ ಕಾಲುವೆ, ಕಾಲುವೆ ಎಂದಷ್ಟೇ ಹೇಳಿದಳು.

ತೂಬಿನ ಬಳಿ ನೀರು ದಡದವರೆಗೆ ತುಂಬಿ ಹರಿಯುತ್ತಿತ್ತು. ದಡದ ಕಲ್ಲಿನ ಮೇಲೆ ಅಜ್ಜಿಯ ಎರಡು ಚಪ್ಪಲಿ, ಹೊಸ್ತಿಲ ಬಳಿ ಬಿಟ್ಟ ಹಾಗೆ ಜೋಡಿಸಿದ್ದವು. ಅಜ್ಜಿ ಕಾಣಲಿಲ್ಲ. ನೀರನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಬುನ್‌ಹಾಯ್ ಏಪ್ರನ್ ಕಟ್ಟಿಕೊಂಡೇ ಸ್ಕೂಟರಿನಲ್ಲಿ ಬಂದ. ಚಪ್ಪಲಿ ನೋಡಿದವನೇ ಸ್ಕೂಟರನ್ನು ಬೀಳಲು ಬಿಟ್ಟು ನೀರಿಗೆ ಇಳಿಯಹೊರಟ.

"ಏನೋ ಅದು, ಏಪ್ರನ್ ನೆನೆಯತ್ತೆ" ಎಂದರು ಹಿಂದಿನಿಂದ ಅಜ್ಜಿ.

ಆಲದ ಮರದ ಆಚೆ ಬದಿಯ ಬೇರಿನ ಮೇಲೆ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಕೂತಿದ್ದರು. ಬುನ್‌ಹಾಯ್ ಅವರ ಪಾದ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. ಯಾಕಮ್ಮ ಇಲ್ಲಿಗೆ ಬಂದಿರಿ ಎಂದು ಕೇಳಿದ. ನಿಮ್ಮಪ್ಪ ಕರೆದರು, ನೀರಿನ ಆಚೆ ಇದ್ದೇನೆ, ಚಪ್ಪಲಿ ಬಿಟ್ಟು ಇಳಿದು ಬಾ ಎಂದಿದ್ದರು ಎಂದರು ಅಜ್ಜಿ. ಚಪ್ಪಲಿ ಬಿಟ್ಟೂ ಆಯಿತು. ಆಮೇಲೆ ಯಾಕೋ ಒಂದು ಅನುಮಾನ ಬಂದು ಕೂತರಂತೆ.

"ನಲವತ್ತೇಳು ವರ್ಷ ಸಂಸಾರ ಮಾಡ್ದೆ. ಒಂದು ದಿನಾನೂ ನನ್ನ ಹೆಸರು ಹಿಡಿದು ಕರೆದವರಲ್ಲ. 'ಏಯ್' ಅನ್ನೋರು, ಕೋಪ ಬಂದ್ರೆ ಬರೀ ಕೆಮ್ಮೋರು" ಎಂದರು ಅಜ್ಜಿ. "ಇವನು 'ಖೋ ಲಿಮ್ ಥೋ, ಬಾ' ಅಂತ ಪೂರಾ ಹೆಸರು ಕರೆದ, ಆಫೀಸಲ್ಲಿ ಕರೆಯೋ ಹಾಗೆ. ಹನ್ನೊಂದು ವರ್ಷದಲ್ಲಿ ಇಷ್ಟೊಂದು ಬದಲಾಗಿಬಿಟ್ರಾ ಅಂತ ಯೋಚನೆ ಮಾಡ್ತಾ ಕೂತೆ."

ಬುನ್‌ಹಾಯ್ ತಲೆಯೆತ್ತಿ ನನ್ನ ಮುಖ ನೋಡಿದ. ಕಂಪ್ಯೂಟರಿನವರ ಯಾವ ಮಾತೂ ಅವನ ತಲೆಗೆ ಹತ್ತುತ್ತಿರಲಿಲ್ಲ, ಅಮ್ಮನ ಈ ಮಾತು ಹತ್ತಿತು.

"ಅಪ್ಪ ಆಗಿದ್ರೆ ಅಮ್ಮನ್ನ ಹೇಗೆ ಕರೀತಿದ್ರು ಅಂತ ಗೊತ್ತಿರ್ತಿತ್ತು" ಎಂದ.

"ಸತ್ತವರಿಗೆ ಎಲ್ಲಾ ಗೊತ್ತಿರತ್ತೆ ಬುನ್‌ಹಾಯ್" ಎಂದೆ ನಾನು. "ಕ್ಯಾಮೆರಾ ಒಳಗೆ ನುಗ್ಗಿರೋ ಇವನಿಗೆ ಗೊತ್ತಿರೋದು ನಿಮ್ಮಮ್ಮ ಊದುಬತ್ತಿ ಹಿಡಿದು ಆ ಡಬ್ಬಿ ಮುಂದೆ ಹೇಳಿದ್ದಷ್ಟೇ. ವಿಳಾಸ ಸಿಕ್ರೆ ಕಾಲುವೆ, ತೂಬು ಎಲ್ಲಾ ನಕ್ಷೆಯಲ್ಲೇ ಕಾಣತ್ತೆ."

ಅಜ್ಜಿಯನ್ನು ಕೈಹಿಡಿದು ಮನೆಗೆ ಕರೆತಂದೆವು. ಒಳಗೆ ಹೋದೊಡನೆ ಪ್ಲಗ್ ಕಿತ್ತೆ. ಕೀಳುವ ಮುಂಚೆ ಕ್ಯಾಮೆರಾ ಒಮ್ಮೆ ಕತ್ತು ತಿರುಗಿಸಿ ನನ್ನನ್ನೂ ನೋಡಿತು.

ಮುಂದೆ ಇಟ್ಟಿದ್ದ ಹಸಿರು ಪೊಟ್ಟಣ ತೆಗೆದು ಬುನ್‌ಹಾಯ್‌ನ ಕೈಗೆ ಕೊಟ್ಟು, ಇದರ ತಾರೀಕು ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ನೋಡದೆಯೇ ಹೇಳಿದ, ಅಕ್ಟೋಬರ್ ಇಪ್ಪತ್ತು.

"ಪೊಟ್ಟಣದ ತಾರೀಕು ಬಾಯಲ್ಲೇ ಇದೆ. ಒಳಗಿರೋ ಸಾಫ್ಟ್‌ವೇರ್ ಮಾರ್ಚಲ್ಲೇ ಹಳಸಿಹೋಗಿತ್ತಲ್ಲೋ" ಎಂದೆ. "ಅದನ್ನ ಬದಲಾಯಿಸು ಅಂತ ಅದು ದಿನಾ ಕೇಳ್ತಿತ್ತು. ನೀನು ದಿನಾ 'ನಂತರ' ಅಂದೆ."

ನಾನೂ ದೊಡ್ಡವಳಾಗಲು ಹೋಗಲಿಲ್ಲ. ಆ ಸಾಲನ್ನು ಓದಿ ಸುಮ್ಮನಾದವರಲ್ಲಿ ನಾನೂ ಒಬ್ಬಳು ಎಂದು ಅವನ ಮುಂದೆಯೇ ಒಪ್ಪಿಕೊಂಡೆ.

ಅದೇ ಮಧ್ಯಾಹ್ನ ಪೊಲೀಸ್ ಠಾಣೆಗೆ ಹೋಗಿ ಆ ಪಟ್ಟಿಯ ಫೋಟೋ ಕೊಟ್ಟೆವು. ಬೀಗ ಬದಲಾಯಿತು, ಹೂಕುಂಡದ ಕೆಳಗಿನ ಬೀಗದ ಕೈ ಲೇಹಾಳ ಸೊಂಟಕ್ಕೆ ಬಂತು. ಕ್ಯಾಮೆರಾವನ್ನು ಮೊದಲಿನಿಂದ ಹೊಸದಾಗಿ ಹೊಂದಿಸಿ ಅಪ್‌ಡೇಟ್ ಹಾಕಿದೆ. ಹತ್ತು ನಿಮಿಷ ಹಿಡಿಯಿತು. ಹತ್ತೇ ನಿಮಿಷ. ಅದೃಷ್ಟದ ಅಂಕಿ ತೆಗೆಸಿ, ಅವರಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯದ ಉದ್ದನೆಯ ಪಾಸ್‌ವರ್ಡ್ ಇಡಿಸಿದೆ. ಹೊಸ ಫೋನು ಒಳಗೆ ಬರಬೇಕಾದರೆ ಲೇಹಾಳ ಫೋನಿಗೆ ಬರುವ ಅಂಕಿ ಕೊಡಲೇಬೇಕು, ಹಾಗೆ ಮಾಡಿದೆ. ಕ್ಯಾಮೆರಾವನ್ನು ದೇವರ ಮೇಜಿನಿಂದ ಇಳಿಸಿ, ಬಾಗಿಲು ಮತ್ತು ಕುರ್ಚಿ ಮಾತ್ರ ಕಾಣುವ ಹಾಗೆ ಮೂಲೆಗೆ ಇಟ್ಟೆವು. ಆರ್ಡರ್ ಯಂತ್ರದ ಅಪ್‌ಡೇಟ್ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಆಗುವಂತೆ ಹೊತ್ತು ಗೊತ್ತುಮಾಡಿದೆ. ಹಾಗೂ ಮಾಡಬಹುದು ಎಂದು ಬುನ್‌ಹಾಯ್‌ಗೆ ಗೊತ್ತೇ ಇರಲಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಎಂದು ಅವನೇ ಹೇಳಿದ.

ಈಗ ಅವನ ಅಂಗಡಿಯ ಕ್ಯಾಲೆಂಡರಿನಲ್ಲಿ ಪೊಟ್ಟಣದ ತಾರೀಕಿನ ಕೆಳಗೇ ಇನ್ನೊಂದು ಗುರುತಿದೆ. ಅವತ್ತು ಅವನು ಪೊಟ್ಟಣವನ್ನೂ ಬದಲಾಯಿಸುತ್ತಾನೆ, ಅಪ್‌ಡೇಟನ್ನೂ ನೋಡುತ್ತಾನೆ. ಅಜ್ಜಿ ಊದುಬತ್ತಿ ಹಚ್ಚುವ ಮುಂಚೆ ಮೂಲೆಯ ಡಬ್ಬಿಯ ಪ್ಲಗ್ ತಾವೇ ಕಿತ್ತು, ಪೂಜೆ ಮುಗಿದ ಮೇಲೆ ತಾವೇ ಹಾಕುತ್ತಾರೆ. ಎಷ್ಟೋ ಮರೆಯುತ್ತಾರೆ, ಅದೊಂದನ್ನು ಮರೆಯುವುದಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇರಬಹುದು. ಅಪ್‌ಡೇಟ್ ಕೆಳಗಿನ ಸಾಲು ಎಷ್ಟೇ ಸಪ್ಪೆಯಾಗಿರಲಿ, "ನಂತರ" ಎನ್ನಬೇಡಿ. ಆದರೆ ಅದನ್ನು ಆ ಸಾಧನದ ಸ್ವಂತ ಆ್ಯಪಿನ ಒಳಗಿಂದಲೇ ಹಾಕಿ, ಸಂದೇಶದಲ್ಲಿ ಬಂದ ಕೊಂಡಿ ಒತ್ತಿ ಹಾಕಬೇಡಿ. ಕೊಂಡಾಗ ಬಂದ ಪಾಸ್‌ವರ್ಡ್, ಅದೃಷ್ಟದ ಅಂಕಿ, ಹುಟ್ಟಿದ ದಿನ ಇವತ್ತೇ ತೆಗೆಯಿರಿ. ಒಳಗೆ ಯಾರಿದ್ದಾರೆಂದು ಪಟ್ಟಿ ತೆರೆದು ಎಣಿಸಿ, ಮನೆಯವರಿಗಿಂತ ಒಬ್ಬ ಹೆಚ್ಚಿದ್ದರೆ ಫೋಟೋ ತೆಗೆದು ಪ್ಲಗ್ ಕಿತ್ತು ಠಾಣೆಗೆ ಹೋಗಿ. ಕಂಪನಿಯವರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ ಆ ಸಾಧನಕ್ಕೆ ವಿದಾಯ ಹೇಳಿ. ಮನೆಯ ಹಿರಿಯರು ಏನೋ ದನಿ ಕೇಳಿಸಿತು ಎಂದರೆ ಮರೆವೆಂದು ನಗಬೇಡಿ. ನಕ್ಕವಳು ಹೇಳುತ್ತಿದ್ದೇನೆ.

ಆ ಮನುಷ್ಯ ಇನ್ನೂ ಸಿಕ್ಕಿಲ್ಲ. ಮನೆ ಖಾಲಿ ಮಾಡಿಸಿ ಕದಿಯಲು ಹೀಗೆ ಮಾಡಿದನೋ, ಬರೀ ಕ್ರೌರ್ಯಕ್ಕೋ, ಗೊತ್ತಾಗಿಲ್ಲ. ಅಜ್ಜಿಯ ಪೂರಾ ಹೆಸರು, ಹುಟ್ಟಿದ ದಿನ, ವಿಳಾಸ ಅವನ ಬಳಿ ಹಾಗೇ ಇದೆ. ಪಾಸ್‌ವರ್ಡ್ ಬದಲಾಯಿಸಬಹುದು, ಹುಟ್ಟಿದ ದಿನ ಬದಲಾಯಿಸಲು ಆಗುವುದಿಲ್ಲ. ಥೋ ಅಜ್ಜಿಯ ಮನೆಯ ಬಾಗಿಲು ಅವನಿಗೆ ಮುಚ್ಚಿದೆ. ಈಗ ಅವನು ಯಾರ ಮನೆಯ ಗೋಡೆಯ ಮೇಲೆ ಕೂತು ಕೇಳುತ್ತಿದ್ದಾನೋ ನನಗೆ ಗೊತ್ತಿಲ್ಲ. ಈ ಹಾಳೆ ಮಡಿಸುವ ಮುಂಚೆ ಎದ್ದು ಹೋಗಿ ನಿಮ್ಮದನ್ನು ನೋಡಿ ಬನ್ನಿ.